ಉಕ್ಕಿನ ಪೆಟ್ಟಿಗೆಯ ಮನೆಯೂ ಶ್ರಾವಕನ ವಾಸ್ತುಪರಿಮಾಣವೂ

ಮನೆಯನ್ನು ಕಟ್ಟುವ ಗೃಹಸ್ಥನು ಹಿಂಸೆಯಿಂದ ಎಷ್ಟರಮಟ್ಟಿಗೆ ದೂರವಿರಬಲ್ಲನೆಂಬುದು ಬಹು ಹಳೆಯ ಪ್ರಶ್ನೆ. ಅದು ಈಗ ಹೊಸ ವೇಷ ಧರಿಸಿ ಶ್ರಾವಕರ ಮುಂದೆ ಬಂದಿದೆ. ಸಮುದ್ರದ ಮೇಲೆ ಸರಕು ಹೊತ್ತು ತಿರುಗಿ, ಕೊನೆಗೆ ಮಾರಾಟಕ್ಕೆ ಬಂದ ಉಕ್ಕಿನ ಪೆಟ್ಟಿಗೆಯನ್ನು, ಜನರ ಮಾತಿನಲ್ಲಿ ಹೇಳುವುದಾದರೆ ಕಂಟೇನರನ್ನು, ಕೊಂಡು ತಂದು, ಅದಕ್ಕೆ ತಾನೇ ಬಾಗಿಲು ಕಿಟಕಿಗಳನ್ನು ಕೊರೆದು ವಾಸದ ಮನೆಯಾಗಿ ಮಾಡಿಕೊಳ್ಳುವ ಪದ್ಧತಿ ಅನೇಕ ದೇಶಗಳಲ್ಲಿ ಹಬ್ಬಿದೆ. ನೆದರ್‌ಲ್ಯಾಂಡ್ಸಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ೨೦೦೫-೦೬ರಲ್ಲಿ ಇಂಥ ಸುಮಾರು ಒಂದು ಸಾವಿರ ಪೆಟ್ಟಿಗೆಗಳನ್ನು ಜೋಡಿಸಿ ವಿದ್ಯಾರ್ಥಿಗಳಿಗೆ ವಸತಿ ಕಲ್ಪಿಸಲಾಯಿತು. ಬೆಂಗಳೂರಿನಲ್ಲಿಯೂ ಇಂಥ ಮನೆಗಳು ಎದ್ದಿವೆ. ಗದಗ-ಬೆಟಗೇರಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸುತ್ತಲಿನ ಹಳ್ಳಿಗಳಲ್ಲಾಗಲಿ, ಹೊಲದ ಅಂಚಿನಲ್ಲಿ ಒಂದು ಕಿರುಮನೆ ಬೇಕೆನ್ನುವ ಗೃಹಸ್ಥನಿಗೆ ಈ ಯೋಚನೆ ಬರುವುದು ಸಹಜವೇ ಆಗಿದೆ. ವ್ರತದಲ್ಲಿ ಆಸ್ಥೆಯುಳ್ಳವನಾದರೆ ಅವನು ಹೀಗೆಯೂ ವಾದಿಸಬಹುದು: "ಮರ ಕಡಿಸಲಿಲ್ಲ, ಇಟ್ಟಿಗೆ ಸುಡಿಸಲಿಲ್ಲ, ಪೆಟ್ಟಿಗೆ ನನಗಾಗಿ ಮಾಡಿದ್ದಲ್ಲ, ಕೆಲಸವನ್ನು ನನ್ನ ಕೈಯಾರೆ ಮಾಡಿಕೊಂಡೆ. ಆದುದರಿಂದ ಈ ಮನೆಯ ಆರಂಭದೋಷ ನನ್ನನ್ನು ತಟ್ಟದು." ಈ ವಾದದಲ್ಲಿ ನಿಜವೂ ಇದೆ, ನಿಜದ ನೆರಳೂ ಇದೆ. ಎರಡನ್ನೂ ಬೇರ್ಪಡಿಸಿ ನೋಡಬೇಕಾಗಿದೆ.

ಮೊದಲು ಈ ಸೀಮೆಯ ಹಳೆಯ ಮನೆಯನ್ನು ನೆನೆಯುವುದು ಉಚಿತ. ಕಲ್ಲುಮಣ್ಣಿನ ದಪ್ಪ ಗೋಡೆ, ತೊಲೆ-ಜಂತಿಗಳ ಮೇಲೆ ಸವಳುಮಣ್ಣಿನ ಮೇಲ್ಮುದ್ದೆ, ಮಾಳಿಗೆಯ ನಡುವೆ ಬೆಳಕಿಂಡಿ, ಬಾಗಿಲ ಒಳಗೆ ದನಗಳಿಗೆ ಸ್ಥಳ, ಅದರಿಂದ ಮೇಲೆ ಪಡಸಾಲೆ, ಒಳಗೆ ಅಡುಗೆಮನೆ ಮತ್ತು ದೇವರ ಕೋಣೆ. ಚೈತ್ರ ವೈಶಾಖಗಳ ಬಿಸಿಲು ಆ ಗೋಡೆಗಳನ್ನು ದಾಟಿ ಒಳಗೆ ಬರುವ ಹೊತ್ತಿಗೆ ಸಂಜೆಯಾಗಿರುತ್ತಿತ್ತು. ಆದರೆ ಆ ಮನೆಯೂ ನಿರಾರಂಭದ ಮನೆಯಲ್ಲ. ಅದರ ತೊಲೆಗಾಗಿ ಮರ ಬಿದ್ದಿತ್ತು. ಮಣ್ಣಿಗಾಗಿ ನೆಲ ಅಗೆಯಲ್ಪಟ್ಟಿತ್ತು. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಹೊಸ ಮಣ್ಣು ಹಾಕುವಾಗ, ಜಂತಿಗೆ ಹತ್ತಿದ ಗೆದ್ದಲನ್ನು ಕೆಡಹುವಾಗ, ಪ್ರಾಣಿವಧೆ ನಡೆದೇ ನಡೆಯುತ್ತಿತ್ತು. ಇನ್ನೊಂದು ಮಾತು: ೨೦೦೯ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಹಾವೃಷ್ಟಿಯಲ್ಲಿ ನೆನೆದು ಕುಸಿದವುಗಳಲ್ಲಿ ಮಣ್ಣಿನ ಗೋಡೆಯ ಮನೆಗಳೇ ಹೆಚ್ಚು. ಹಳೆಯದೆಲ್ಲ ಅಹಿಂಸೆ, ಹೊಸದೆಲ್ಲ ಹಿಂಸೆ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಇನ್ನು ಈ ಪೆಟ್ಟಿಗೆಯ ಸ್ವರೂಪ. ಅಮೆರಿಕದ ಲಾರಿ ಉದ್ಯಮಿ ಮಾಲ್ಕಂ ಮೆಕ್‌ಲೀನ್ ಎಂಬವನು ೧೯೫೬ರ ಏಪ್ರಿಲ್ ೨೬ರಂದು 'ಐಡಿಯಲ್-ಎಕ್ಸ್' ಎಂಬ ಹಡಗಿನ ಮೇಲೆ ೫೮ ಪೆಟ್ಟಿಗೆಗಳನ್ನು ನ್ಯೂಅರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಸರಕನ್ನು ಹಡಗಿನಿಂದ ಲಾರಿಗೆ, ಲಾರಿಯಿಂದ ರೈಲಿಗೆ ಬಿಚ್ಚಿ ತುಂಬುವ ಕೆಲಸವೇ ಇಲ್ಲವಾಗಿ, ಪೆಟ್ಟಿಗೆಯೇ ಇಡಿಯಾಗಿ ಸಾಗತೊಡಗಿತು. ಮುಂದೆ ಅಂತರರಾಷ್ಟ್ರೀಯ ಅಳತೆಗಳು ಗೊತ್ತಾದವು. ಸಾಮಾನ್ಯವಾದ ಚಿಕ್ಕ ಪೆಟ್ಟಿಗೆ ೨೦ ಅಡಿ ಉದ್ದ, ೮ ಅಡಿ ಅಗಲ, ಎಂಟೂವರೆ ಅಡಿ ಎತ್ತರ. ಖಾಲಿ ತೂಕ ಸುಮಾರು ೨,೨೦೦ ಕಿಲೊ. ಒಳಗಿನ ಅಗಲ ೭ ಅಡಿ ೮ ಅಂಗುಲ ಮಾತ್ರ; ಒಳನೆಲ ಸುಮಾರು ೧೫೦ ಚದರ ಅಡಿ. ದೊಡ್ಡ ಪೆಟ್ಟಿಗೆ ಉದ್ದದಲ್ಲಿ ಇದರ ಇಮ್ಮಡಿ. ಇದರ ಬಲವೆಲ್ಲ ನಾಲ್ಕು ಮೂಲೆಗಂಬಗಳಲ್ಲಿದೆ. ನಡುವಿನ ಗೋಡೆ ಸುಮಾರು ಎರಡು ಮಿಲಿಮೀಟರ್ ದಪ್ಪದ ಸುಕ್ಕುತಗಡು ಅಷ್ಟೇ. ಆದುದರಿಂದ ಕಿಟಕಿಗಾಗಿ ತಗಡು ಕೊಯ್ದಲ್ಲೆಲ್ಲ ಉಕ್ಕಿನ ಚೌಕಟ್ಟು ಬೆಸೆದು ಬಲ ತುಂಬಬೇಕು. ಹಳೆಯ ಮಾಳಿಗೆಯ ಮೇಲೆ ಹಾಕಿದಂತೆ ಇದರ ನೆತ್ತಿಯ ಮೇಲೆ ಮಣ್ಣು ಹೇರಿದರೆ ತಗಡು ಬಾಗುವುದು.

ಈಗ ಮೊದಲನೆಯ ವಾದ: "ನನ್ನ ಕೈಯಾರೆ ಮಾಡಿಕೊಂಡೆ." ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆ; ಮನ, ವಚನ, ಕಾಯಗಳೆಂದು ಮೂರು ದ್ವಾರ. ಈ ಒಂಬತ್ತು ಭಂಗಗಳ ಲೆಕ್ಕವನ್ನು ಪಾಠಶಾಲೆಯ ಬಾಲಕನೂ ಬಲ್ಲ. ಆದರೂ ಮನೆ ಕಟ್ಟುವ ಸಂದರ್ಭ ಬಂದಾಗ ಗೃಹಸ್ಥನು ಮಾಡುವುದೇನು? ಗುತ್ತಿಗೆದಾರನಿಗೆ ಹಣವನ್ನೆಣಿಸಿ, ಪಾಯ ತೋಡುವ ದಿನ ಪೂಜೆ ಮಾಡಿಸಿ, ಮತ್ತೆ ಗೃಹಪ್ರವೇಶಕ್ಕೆ ಬರುತ್ತಾನೆ. ನಡುವೆ ನಡೆದ ಅಗೆತ, ಸುಣ್ಣ, ಬೆಂಕಿ ಯಾವುದನ್ನೂ ಕಣ್ಣಾರೆ ಕಾಣುವುದಿಲ್ಲ. ಕಾಣದುದರಿಂದ ಅದು ತನ್ನದಲ್ಲವೆಂಬ ಭಾವನೆ ಬೆಳೆಯುತ್ತದೆ. ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರಾಚಾರ್ಯರು, ಹಿಂಸೆಯಲ್ಲಿ ತೊಡಗಿದ ಕೈಗಳ ಸಂಖ್ಯೆಗೂ ಅದರ ಫಲದಲ್ಲಿ ಪಾಲುಗೊಳ್ಳುವವರ ಸಂಖ್ಯೆಗೂ ಹೊಂದಿಕೆಯಿರಬೇಕಾಗಿಲ್ಲವೆಂಬುದನ್ನು ವಿವರಿಸಿದ್ದಾರೆ. ಹತ್ತು ಜನ ಗೌಂಡಿಗಳೂ ಕೂಲಿಗಳೂ ದುಡಿದ ಆರಂಭದ ಮೂಲದಲ್ಲಿ ಒಬ್ಬ ಒಡೆಯನ ಇಚ್ಛೆಯಿರುವುದು ಇದಕ್ಕೆ ನಿತ್ಯದ ನಿದರ್ಶನ.

ಹಾಗಾದರೆ ಸ್ವತಃ ಕಟ್ಟುವುದರಿಂದ ದೋಷ ಹೆಚ್ಚುವುದೇ ಎಂಬ ಶಂಕೆ ಹುಟ್ಟಬಹುದು. ಏಕೆಂದರೆ ಕಾರಿತವಾಗಿದ್ದುದು ಕೃತವೂ ಆಯಿತು. ಸಮಾಧಾನವೇನೆಂದರೆ, ಹಿಂಸೆಯ ಪ್ರಾಣವಿರುವುದು ಪ್ರಮಾದದಲ್ಲಿ. ಕೈಯಾರೆ ಮಾಡುವವನಿಗೆ ಪ್ರಮಾದವನ್ನು ಕಳೆಯುವ ಅವಕಾಶ ದೊರೆಯುತ್ತದೆ; ಮಾಡಿಸುವವನಿಗೆ ಅದು ದೊರೆಯುವುದಿಲ್ಲ. ದಿನಗೂಲಿಯ ಅವಸರದಲ್ಲಿರುವವನು ಕಲ್ಲೆತ್ತುವಾಗ ಅದರಡಿಯ ಇರುವೆಗೂಡನ್ನು ನೋಡುತ್ತಾ ನಿಲ್ಲಲಾರ. ನಿಲ್ಲೆಂದು ಅವನಿಗೆ ಹೇಳುವ ಒಡೆಯನೂ ಅಪರೂಪ. ಸ್ವತಃ ಕೆಲಸ ಮಾಡುವ ಶ್ರಾವಕನು ನಿಲ್ಲಬಲ್ಲ. ಬೆಸುಗೆಯ ಕೆಲಸವನ್ನೇ ನೋಡಬಹುದು. ಕತ್ತಲಾದ ಮೇಲೆ ಬೆಸುಗೆಯ ಪ್ರಖರ ಬೆಳಕಿಗೆ ಹುಳುಗಳು ಮುತ್ತಿ ಸುಟ್ಟುಹೋಗುತ್ತವೆ. ಮೊದಲ ಮಳೆಯ ಸಂಜೆಗಳಲ್ಲಿ ರೆಕ್ಕೆಗೆದ್ದಲು ಏಳುವಾಗ ಅದರ ಲೆಕ್ಕವನ್ನಿಡುವುದೇ ಅಸಾಧ್ಯ. ರಾತ್ರಿಭೋಜನವನ್ನು ಬಿಟ್ಟವನು ರಾತ್ರಿ ಬೆಸುಗೆಯನ್ನು ಬಿಡದಿದ್ದರೆ ಆ ತ್ಯಾಗ ತಟ್ಟೆಗೆ ಸೀಮಿತವಾದಂತೆ. ಸೂರ್ಯಾಸ್ತಕ್ಕೆ ಮುನ್ನ ಉಪಕರಣ ಕೆಳಗಿಡುವ ನಿಯಮವನ್ನು ಗುತ್ತಿಗೆಯವರಿಗೆ ಹೇಳಿದರೆ ಕೆಲಸ ತಡವಾಗುವುದೆಂದು ಅವರು ಹೆಚ್ಚು ಹಣ ಕೇಳುತ್ತಾರೆ. ತಾನೇ ಮಾಡುವವನಿಗೆ ಅದರ ವೆಚ್ಚ ತಾಳ್ಮೆಯೊಂದೇ. ಆಷಾಢದಿಂದ ಕಾರ್ತಿಕದವರೆಗೆ, ಮುನಿಗಳು ವಿಹಾರವನ್ನೇ ನಿಲ್ಲಿಸುವ ಚಾತುರ್ಮಾಸದಲ್ಲಿ, ನೆಲವನ್ನು ಅಗೆಯದಿರುವ ನಿಯಮವೂ ಹೀಗೆಯೇ.

ಆದುದರಿಂದ "ನನ್ನ ಕೈಯಾರೆ" ಎಂಬ ಮಾತು ದೋಷವಿಲ್ಲವೆಂಬುದಕ್ಕೆ ಪ್ರಮಾಣವಲ್ಲ; ದೋಷವನ್ನು ಕಾಣುವ ಕಣ್ಣು ತೆರೆದಿದೆ ಎಂಬುದಕ್ಕೆ ಮಾತ್ರ ಪ್ರಮಾಣ. ಅಷ್ಟಾದರೂ ಅದು ಸಣ್ಣ ಲಾಭವಲ್ಲ.

ಎರಡನೆಯ ವಾದ ಇನ್ನೂ ಸೂಕ್ಷ್ಮವಾದುದು: "ಪೆಟ್ಟಿಗೆ ನನಗಾಗಿ ಮಾಡಿದ್ದಲ್ಲ." ಇದು ಎಲ್ಲಿಂದ ಬಂದ ಮಾತೆಂಬುದನ್ನು ಜೈನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತನ್ನನ್ನು ಉದ್ದೇಶಿಸಿ ಮಾಡಿದ ಆಹಾರವನ್ನು ಸ್ವೀಕರಿಸದಿರುವುದು ಉದ್ದಿಷ್ಟತ್ಯಾಗ. ಶ್ರಾವಕನ ಹನ್ನೊಂದು ಪ್ರತಿಮೆಗಳಲ್ಲಿ ಅದು ಕೊನೆಯದು. ಎಂಟನೆಯದರಲ್ಲಿ ಆರಂಭವನ್ನು ಬಿಟ್ಟು, ಒಂಬತ್ತನೆಯದರಲ್ಲಿ ಪರಿಗ್ರಹವನ್ನು ಬಿಟ್ಟು, ಹತ್ತನೆಯದರಲ್ಲಿ ಮನೆವಾರ್ತೆಗೆ ಅನುಮತಿ ಕೊಡುವುದನ್ನೂ ಬಿಟ್ಟವನಿಗೆ ಈ ಮಾತು ಸಲ್ಲುತ್ತದೆ. ಅಂದರೆ, ಮನೆ ಕಟ್ಟುವುದಿರಲಿ, ಮಗ ಕಟ್ಟುವ ಮನೆಗೆ "ಆಗಲಿ" ಎನ್ನುವುದನ್ನೂ ತೊರೆದವನ ಮಾತು ಇದು. ಹನ್ನೊಂದನೆಯ ಮೆಟ್ಟಿಲಿನಲ್ಲಿ ಮನೆಯನ್ನೇ ಬಿಟ್ಟು ಹೊರಟವನ ನ್ಯಾಯವನ್ನು, ಮೊದಲ ಮೆಟ್ಟಿಲಿನಲ್ಲಿ ನಿಂತು ಮನೆ ಕಟ್ಟುತ್ತಿರುವವನು ಎರವಲು ತರುವುದು ವಿಚಿತ್ರ. ಅದೂ ಅಲ್ಲದೆ, ಪೆಟ್ಟಿಗೆಯನ್ನು ಮಾಡುವಾಗ ಅವನ ಹೆಸರು ಯಾರ ಮನಸ್ಸಿನಲ್ಲಿಯೂ ಇರಲಿಲ್ಲವೆಂಬುದು ನಿಜವಾದರೂ, ಹಳೆಯ ಪೆಟ್ಟಿಗೆಗೆ ಕೊಳ್ಳುವವರು ಸಿಕ್ಕಿದಷ್ಟೂ ಹೊಸದನ್ನು ಮಾಡಿಸುವವನಿಗೆ ಅನುಕೂಲ. ಹಣ ಕೊಟ್ಟ ಮೇಲೆ ಸರಪಣಿಯಲ್ಲಿ ತಾನೂ ಒಂದು ಕೊಂಡಿ.

ಇನ್ನು ಕೆಲವರು ಶಾಸ್ತ್ರದ ಬೇರೊಂದು ಮೂಲೆಯಿಂದ ಬೆಂಬಲ ಹುಡುಕಬಹುದು. ತತ್ತ್ವಾರ್ಥಸೂತ್ರದ ದಿಗಂಬರ ಪಾಠದಲ್ಲಿ ಅಚೌರ್ಯವ್ರತದ ಐದು ಭಾವನೆಗಳಲ್ಲಿ ಶೂನ್ಯಾಗಾರ, ವಿಮೋಚಿತಾವಾಸ ಎಂಬ ಎರಡು ಬರುತ್ತವೆ: ಗುಹೆ, ಪೊಟರೆಗಳಂಥ ಬರಿದಾದ ನೆಲೆಯಲ್ಲಿರುವುದು, ಇತರರು ಬಿಟ್ಟುಹೋದ ಮನೆಯಲ್ಲಿರುವುದು. ಹಡಗಿನವರು ಬಿಟ್ಟ ಪೆಟ್ಟಿಗೆ ವಿಮೋಚಿತಾವಾಸವೇ ಅಲ್ಲವೇ? ಅಲ್ಲ. ಮಾರಿದವನು ಬಿಟ್ಟವನಲ್ಲ. ಕೊಂಡವನು ಅದರ ಒಡೆಯನಾಗುತ್ತಾನೆ. ಬಿಟ್ಟ ಮನೆಯಲ್ಲಿ ತಂಗುವ ಮುನಿ ಒಡೆಯನಾಗುವುದಿಲ್ಲ, ಬೆಳಗಾದರೆ ಹೊರಡುತ್ತಾನೆ. ಅದೇ ಸಾಲಿನ ಮೂರನೆಯ ಭಾವನೆಯನ್ನು ಈ ವಾದದವರು ಮರೆಯುತ್ತಾರೆ: ಪರೋಪರೋಧಾಕರಣ, ತಾನಿರುವ ಎಡೆಗೆ ಬಂದ ಇತರರನ್ನು ತಡೆಯದಿರುವುದು. ವರ್ಷಗಟ್ಟಲೆ ಬಯಲಲ್ಲಿ ನಿಂತ ಪೆಟ್ಟಿಗೆಯ ಸುಕ್ಕುಗಳಲ್ಲಿ ಕಣಜ ಗೂಡು ಕಟ್ಟಿರುತ್ತದೆ, ಹಲ್ಲಿ ಮೊಟ್ಟೆಯಿಟ್ಟಿರುತ್ತದೆ. ಅವುಗಳನ್ನು ಒಕ್ಕಲೆಬ್ಬಿಸದೆ ಅದು ಮನುಷ್ಯನ ಮನೆಯಾಗುವುದಿಲ್ಲ.

ಪೆಟ್ಟಿಗೆಯ ನೆಲದ ವಿಚಾರ ಬಂದಾಗ ಶ್ರಾವಕನು ವಿಶೇಷವಾಗಿ ಎಚ್ಚರವಾಗಬೇಕು. ಹೊರಗೆ ಉಕ್ಕಾದರೂ ನೆಲಕ್ಕೆ ಹಾಸಿರುವುದು ಸಾಮಾನ್ಯವಾಗಿ ೨೮ ಮಿಲಿಮೀಟರ್ ದಪ್ಪದ ಪದರಮರ. ಒಂದು ದೇಶದ ಮರಕೊರಕ ಹುಳು ಇನ್ನೊಂದು ದೇಶಕ್ಕೆ ಹೋಗದಿರಲೆಂದು ಆ ಮರಕ್ಕೆ ಕೀಟನಾಶಕವನ್ನು ಊಡಿಸುವ ಪದ್ಧತಿ ದೀರ್ಘಕಾಲದಿಂದಿದೆ. ಆಸ್ಟ್ರೇಲಿಯದಂಥ ದೇಶಗಳ ನಿರ್ಬಂಧಗಳು ಇದಕ್ಕೆ ಮುಖ್ಯ ಕಾರಣ. ಬಾಗಿಲಿಗೆ ಜಡಿದ ಲೋಹದ ಫಲಕದಲ್ಲಿ ಯಾವ ಔಷಧಿ, ಯಾವ ವರ್ಷ ಎಂಬುದನ್ನು ಕೆತ್ತಿರುವುದುಂಟು. ಜೊತೆಗೆ ಸರಕಿನ ಹುಳು ಸಾಯಲೆಂದು ಮಿಥೈಲ್ ಬ್ರೋಮೈಡ್ ಮುಂತಾದ ವಿಷಧೂಮವನ್ನು ಪೆಟ್ಟಿಗೆಯೊಳಗೆ ತುಂಬುವ ರೂಢಿಯೂ ಇದೆ. ಅದು ಹಿಂದೆ ಯಾವ ಸರಕನ್ನು ಹೊತ್ತಿತ್ತು, ಚರ್ಮವೋ ಮಾಂಸವೋ ಧಾನ್ಯವೋ, ಎಂಬುದನ್ನು ಎಷ್ಟೋ ಸಲ ಮಾರುವವನೂ ಅರಿಯ. ಇರುವೆಯ ಸಾಲನ್ನು ದಾಟಿ ನಡೆಯುವವನು, ಹುಳುವನ್ನು ಕೊಲ್ಲಲೆಂದೇ ಸಿದ್ಧಪಡಿಸಿದ ಹಲಗೆಯ ಮೇಲೆ ಚಾಪೆ ಹಾಸಿ ಸಾಮಾಯಿಕಕ್ಕೆ ಕೂಡುವ ಸಂಗತಿ ಇದು. ಆ ಹಲಗೆಯನ್ನು ಕಿತ್ತು ಕಲ್ಲುಹಾಸನ್ನು ಹಾಕಬಹುದು, ಅಥವಾ ವಿಷ ಮೇಲೇಳದಂತೆ ಮುಚ್ಚಬಹುದು. ಎಳೆಯ ಮಕ್ಕಳು ನೆಲದಲ್ಲಿ ಹರಿದಾಡುವ ಮನೆಯಲ್ಲಿ ಕೀಳುವುದೇ ಲೇಸು. ಆದರೆ ಕಿತ್ತ ಹಲಗೆಯನ್ನು ಒಲೆಗೆ ಹಾಕಕೂಡದು. ಅದರ ಹೊಗೆಯೂ ವಿಷವೇ.

ಇಷ್ಟನ್ನು ಹೇಳಿದ ಮೇಲೆ ಪೆಟ್ಟಿಗೆಯ ಪರವಾಗಿ ಹೇಳಬೇಕಾದುದನ್ನೂ ಹೇಳುವುದು ನ್ಯಾಯ. ಗದಗದ ಸುತ್ತಲಿನ ಎರೆನೆಲ ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ನೆಲ. ಅದರಲ್ಲಿ ಕಟ್ಟಿದ ಗೋಡೆ ಸೀಳದಿರಬೇಕಾದರೆ ಗರಸು ಸಿಗುವವರೆಗೆ ಪಾಯ ತೋಡಬೇಕು, ಅದೂ ಗೋಡೆಯ ಉದ್ದಕ್ಕೂ. ಪೆಟ್ಟಿಗೆ ನಿಲ್ಲುವುದು ಮೂಲೆಗಳ ಮೇಲೆ. ನಾಲ್ಕು ಅಥವಾ ಆರು ಕುಣಿಗಳಲ್ಲಿ ಕಂಬದ ಪಾದಗಳನ್ನೆಬ್ಬಿಸಿ ಅದನ್ನು ನೆಲದಿಂದ ಎರಡಡಿ ಎತ್ತರದಲ್ಲಿ ಕೂರಿಸಬಹುದು. ಶಿರಹಟ್ಟಿ, ಮುಂಡರಗಿಗಳ ಕಡೆಯ ಮಸಾರಿ ನೆಲದಲ್ಲಿ ಕುಣಿ ಅಷ್ಟು ಆಳವೂ ಬೇಕಾಗದು. ಅಗೆತ ಕಡಿಮೆಯಾದಷ್ಟೂ ಪೃಥ್ವೀಕಾಯದ ವಿರಾಧನೆಯೂ, ಮಣ್ಣಿನೊಳಗಿನ ಎರೆಹುಳು ಮೊದಲಾದ ತ್ರಸಜೀವಗಳ ಘಾತವೂ ಕಡಿಮೆ. ಮನೆಯ ಕೆಳಗೆ ನೀರು ಹರಿದುಹೋಗುತ್ತದೆ, ಹುಲ್ಲು ಬೆಳೆಯುತ್ತದೆ, ಕಪ್ಪೆ ಓಡಾಡುತ್ತದೆ. ಆರಂಭೀ ಹಿಂಸೆಯನ್ನು ಅಳೆಯುವ ಶ್ರಾವಕನಿಗೆ ಇದು ಲೆಕ್ಕಕ್ಕೆ ಬರುವ ಉಳಿತಾಯ. ಆದರೆ "ಇಟ್ಟಿಗೆ ಸುಡಿಸಲಿಲ್ಲ" ಎಂಬ ಮಾತಿನಿಂದ ಅಗ್ನಿಯ ಲೆಕ್ಕ ಮುಗಿಯುವುದಿಲ್ಲ. ಎರಡು ಟನ್ ಉಕ್ಕು ಕುಲುಮೆಯಲ್ಲಿ ಬೆಂದು ಬಂದದ್ದೇ. ಅಷ್ಟು ಉಕ್ಕನ್ನು ಮರಳಿ ಕರಗಿಸಿದರೆ ಒಂದಕ್ಕಿಂತ ಹೆಚ್ಚು ಕಿರುಮನೆಗಳ ಚೌಕಟ್ಟಾಗುವುದು.

ಬಿಸಿಲಿನ ಮಾತು ವ್ರತಕ್ಕೆ ನೇರವಾಗಿ ಸಂಬಂಧಿಸಿದುದು. ಅಷ್ಟಮಿ-ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ ಹಿರಿಯರು ಹಿಂದಿನ ದಿನ ಒಪ್ಪೊತ್ತು, ಅಂದು ನಿರಾಹಾರ, ಮರುದಿನ ಒಪ್ಪೊತ್ತು ಎಂದು ಹದಿನಾರು ಪ್ರಹರ ಕಳೆಯುವಾಗ ನೀರನ್ನೂ ತ್ಯಜಿಸುವುದುಂಟು. ಬೇಸಗೆಯಲ್ಲಿ ಉಷ್ಣತೆ ೪೦ ಡಿಗ್ರಿಯ ಹತ್ತಿರ ಹೋಗುವ ಈ ಸೀಮೆಯಲ್ಲಿ, ಬಿಸಿಲಿಗೆ ಕಾದ ತಗಡಿನ ಮನೆಯೊಳಗೆ ಆ ವ್ರತ ತಪಸ್ಸಲ್ಲ, ದೇಹದಂಡನೆಯಾದೀತು. ಸಂಕ್ಲೇಶ ಪರಿಣಾಮದಿಂದ ಮಾಡಿದ ಉಪವಾಸಕ್ಕೆ ಆಚಾರ್ಯರು ಬೆಲೆ ಕೊಟ್ಟಿಲ್ಲ. ಅದನ್ನು ತಪ್ಪಿಸಲು ತಂಪುಯಂತ್ರವನ್ನು ಇಟ್ಟುಕೊಂಡರೆ, ಪೆಟ್ಟಿಗೆಯಿಂದ ಉಳಿಸಿದ ಆರಂಭವೆಲ್ಲ ವಿದ್ಯುತ್ತಿನ ತಂತಿಯಲ್ಲಿ ಮರಳಿ ಬರುತ್ತದೆ. ಸರಳ ಉಪಾಯಗಳಿವೆ: ಉದ್ದದ ಗೋಡೆಗಳು ಉತ್ತರ-ದಕ್ಷಿಣಕ್ಕೆ ಮುಖಮಾಡುವಂತೆ ಪೆಟ್ಟಿಗೆಯನ್ನು ಕೂರಿಸುವುದು, ನೆತ್ತಿಯ ಮೇಲೆ ಮೊಳದಷ್ಟು ತೆರಪು ಬಿಟ್ಟು ಇನ್ನೊಂದು ಚಾವಣಿ ಹೊದಿಸಿ ಗಾಳಿ ನಡುವೆ ಹಾಯುವಂತೆ ಮಾಡುವುದು, ಪಶ್ಚಿಮಕ್ಕೆ ಬೇವು. ಬೇವಿಗೆ ಕಾಲ ಬೇಕು. ಅದನ್ನು ಮೊದಲು ನೆಟ್ಟು ಪೆಟ್ಟಿಗೆಯನ್ನು ಆಮೇಲೆ ತಂದರೆ ಉತ್ತಮ. ಕಿಟಕಿಗಳನ್ನು ಕೊಯ್ಯುವಾಗ ಅಡುಗೆಯ ಎಡೆಗೆ ಪಶ್ಚಿಮದ ಇಳಿಬೆಳಕು ದಕ್ಕುವಂತಿರಬೇಕು. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಮನೆಯಲ್ಲಿ ನಾಲ್ಕು ಗಂಟೆಗೇ ದೀಪ ಹಚ್ಚಿ ಧಾನ್ಯದ ಹುಳು ಆರಿಸಬೇಕಾಗಿ ಬಂದರೆ ಆ ನಿಯಮದ ಅರ್ಥವೇ ಮಂಕಾಗುತ್ತದೆ.

ಮುನಿಗಳ ಆಹಾರಕ್ಕೆ ಇಂಥ ಮನೆ ಒದಗುವುದೇ ಎಂಬುದನ್ನು ಹೆಣ್ಣುಮಕ್ಕಳು ಗಂಡಸರಿಗಿಂತ ಮೊದಲು ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಪಡಗಾಹನೆ ಅಂಗಳದಲ್ಲಾದೀತು. ಆದರೆ ಉಚ್ಚಾಸನ, ಪಾದಪ್ರಕ್ಷಾಳನೆ, ಅರ್ಚನೆ, ನಿಂತು ಆಹಾರ ಸ್ವೀಕರಿಸುವ ಮುನಿಗಳ ಸುತ್ತ ಮನೆಯವರು ನಿಲ್ಲುವ ಸ್ಥಳ, ಇವೆಲ್ಲ ೭ ಅಡಿ ೮ ಅಂಗುಲದ ಅಗಲದಲ್ಲಿ, ಒಳಪದರವನ್ನು ಹೊದಿಸಿದ ಮೇಲೆ ಇನ್ನೂ ಕಡಿಮೆಯಾದ ಅಗಲದಲ್ಲಿ, ಇಕ್ಕಟ್ಟಾಗುತ್ತವೆ. ಇಲ್ಲಿಂದಲೇ ಎರಡನೆಯ ಪೆಟ್ಟಿಗೆಯ ಆಲೋಚನೆ ಹುಟ್ಟುತ್ತದೆ. ಮುನಿಗಳ ಹೆಸರಿನಲ್ಲಿ ಬಂದ ಕೋಣೆ ಆಮೇಲೆ ಯಾರದಾಗುವುದೆಂಬುದು ಎಲ್ಲರಿಗೂ ಗೊತ್ತು. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ೧೦೦೭ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಕಲ್ಲಿನಲ್ಲಿಯೂ ಆರಂಭವಿತ್ತು; ಅಲ್ಲಿ ಅಲ್ಪದೋಷಕ್ಕೆ ಮಹಾಪುಣ್ಯದ ಸಮಾಧಾನವನ್ನು ಪೂರ್ವಾಚಾರ್ಯರು ಹೇಳಿದ್ದಾರೆ. ಆ ಸಮಾಧಾನ ಜಿನಾಲಯಕ್ಕೆ ಸಂದದ್ದು, ಪಡಸಾಲೆಗೆ ಸಂದದ್ದಲ್ಲ.

ಹೀಗೆ ವಿಚಾರ ಪರಿಗ್ರಹಪರಿಮಾಣಕ್ಕೆ ಬಂದು ನಿಲ್ಲುತ್ತದೆ. ಅದೇ ಇದರ ತಿರುಳು. ಕ್ಷೇತ್ರ, ವಾಸ್ತು, ಹಿರಣ್ಯ, ಸುವರ್ಣ, ಧನ, ಧಾನ್ಯ, ದಾಸೀ, ದಾಸ, ಕುಪ್ಯ ಎಂಬ ಪಟ್ಟಿಯಲ್ಲಿ ವಾಸ್ತುವೆಂದರೆ ಮನೆ. (ಈಗ ವಾಸ್ತು ಎಂದರೆ ಬಾಗಿಲು ಯಾವ ದಿಕ್ಕಿಗಿರಬೇಕೆಂಬುದು ಮಾತ್ರ ಎಂದು ತಿಳಿಯುವವರೇ ಹೆಚ್ಚು, ವ್ರತದ ವಾಸ್ತು ಕೇಳುವುದು ದಿಕ್ಕನ್ನಲ್ಲ, ಎಷ್ಟೆಂಬುದನ್ನು.) ಚಕ್ರದ ಮೇಲೆ ಬಂದು ಚಕ್ರದ ಮೇಲೆ ಹೋಗಬಲ್ಲ ಈ ಲೋಹದ ಪೆಟ್ಟಿಗೆ ವಾಸ್ತುವೋ ಕುಪ್ಯವೋ ಎಂಬ ಚತುರ ಪ್ರಶ್ನೆಯೂ ಬರಬಹುದು. ವಾಸ್ತುವಿನ ಮಿತಿ ತುಂಬಿದವನು ಇದನ್ನು ಪಾತ್ರೆಪಡಗಗಳ ಲೆಕ್ಕಕ್ಕೆ ಸೇರಿಸಿ ನುಸುಳಬಹುದಷ್ಟೆ. ಮಲಗಿ ಏಳುವ ಎಡೆ ವಾಸ್ತು. ಅದರಲ್ಲಿ ಹತ್ತಿಯನ್ನೋ ಶೇಂಗಾವನ್ನೋ ತುಂಬಿಟ್ಟಾಗ ಬೇರೆ ಮಾತು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಮನೆ-ಹೊಲಗಳ ವಿಷಯದಲ್ಲಿ 'ಯೋಗ'ವನ್ನು, ಅಂದರೆ ಕೂಡಿಸುವಿಕೆಯನ್ನು, ದೋಷವಾಗಿ ಹೆಸರಿಸಿದ್ದಾರೆ. ಒಂದೇ ಮನೆಯೆಂದು ಮಿತಿ ಮಾಡಿಕೊಂಡವನು ಪಕ್ಕದ ಮನೆಯನ್ನು ಕೊಂಡು ನಡುಗೋಡೆಯನ್ನು ಒಡೆದು, "ಈಗಲೂ ಒಂದೇ ಮನೆ" ಎನ್ನುವ ಜಾಣತನ ಅದು. ಏಳು ನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಆ ಮಾತು ಪೆಟ್ಟಿಗೆಯ ಮನೆಗೆಂದೇ ಬರೆದಂತಿದೆ. ಈ ಮನೆ ಬೆಳೆಯುವ ರೀತಿಯೇ ಯೋಗ: ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕ ಇರಿಸಿ ನಡುವಿನ ತಗಡನ್ನು ಕೊಯ್ದರೆ ಒಂದು ದೊಡ್ಡ ಕೋಣೆ, ಅಡ್ಡಲಾಗಿ ಮೇಲೊಂದನ್ನು ಇರಿಸಿದರೆ ಮಾಳಿಗೆ. ಹಡಗಿನಲ್ಲಿ ಒಂದರ ಮೇಲೊಂದು ಏರಿ ನಿಲ್ಲಲೆಂದೇ ಮಾಡಿದ ವಸ್ತುವಿಗೆ ಸಾಕು ಎಂಬ ಮಾತು ತಾನಾಗಿ ತಿಳಿಯದು. ಪತ್ರಿಕೆಗಳ ಚಿತ್ರಗಳಲ್ಲಿ ಪರದೇಶದವರ ಮೂರಂತಸ್ತಿನ ಪೆಟ್ಟಿಗೆಮನೆಗಳನ್ನು ಕಂಡು ಬೆರಗಾಗುವುದಕ್ಕೂ ರತ್ನಕರಂಡಕ ಶ್ರಾವಕಾಚಾರ ಹೆಸರಿಟ್ಟಿದೆ: ಸಮಂತಭದ್ರಾಚಾರ್ಯರು ಎಣಿಸಿದ ಅತಿಚಾರಗಳಲ್ಲಿ ವಿಸ್ಮಯವೂ ಒಂದು.

ಆದರೂ ಒಂಟಿ ಪೆಟ್ಟಿಗೆಯಲ್ಲಿ ಒಂದು ಗುಣವುಂಟು. ಅದು ಇಟ್ಟಿಗೆಯ ಮನೆಯಲ್ಲಿಲ್ಲ. ಇಟ್ಟಿಗೆಯ ಮನೆ ಕಟ್ಟುತ್ತ ಕಟ್ಟುತ್ತ ಬೆಳೆಯುತ್ತದೆ. ಪಾಯ ತೋಡುವಾಗ ಒಂದಡಿ, ಗೋಡೆ ಏರುವಾಗ ಇನ್ನೊಂದು ಕೋಣೆ, ಚಾವಣಿ ಹಾಕುವಾಗ ಮೆಟ್ಟಿಲು. ಪ್ರತಿಯೊಂದೂ ಸಣ್ಣದು; ಯಾವುದೂ ವ್ರತಭಂಗವೆಂದು ತೋರದು. ಪೆಟ್ಟಿಗೆಯ ಅಂಚನ್ನು ಬೇರೆ ಯಾರೋ ಮೊದಲೇ ನಿಶ್ಚಯಿಸಿದ್ದಾರೆ. ಒಂದಡಿ ಹೆಚ್ಚಿಸಬೇಕೆಂದರೆ ಇಡೀ ಇನ್ನೊಂದು ಪೆಟ್ಟಿಗೆಯನ್ನು ಮಂಗಳೂರಿನ ಬಂದರಿನ ಕಡೆಯಿಂದ ಲಾರಿಯಲ್ಲಿ ಘಟ್ಟ ಹತ್ತಿಸಿ ತಂದು, ಕ್ರೇನಿನಿಂದ ಇಳಿಸಬೇಕು. ಆಶೆ ಕಳ್ಳಹೆಜ್ಜೆಯಲ್ಲಿ ಬರಲಾಗುವುದಿಲ್ಲ. ಊರೆಲ್ಲ ನೋಡುವಂತೆ ಬರಬೇಕಾಗುತ್ತದೆ. ಆದುದರಿಂದ ಪೆಟ್ಟಿಗೆಯನ್ನು ಕೊಂಡ ಮೇಲೆ ವ್ರತ ತೆಗೆದುಕೊಳ್ಳುವುದಕ್ಕಿಂತ, "ಇಷ್ಟು ಚದರ ಅಡಿ, ಇದರ ಮೇಲೆ ಜೀವಮಾನದಲ್ಲಿ ಇಲ್ಲ" ಎಂದು ಜಿನಬಿಂಬದ ಮುಂದೆ ನಿಯಮ ತೆಗೆದುಕೊಂಡು ಆಮೇಲೆ ಪೆಟ್ಟಿಗೆಯನ್ನು ಹುಡುಕುವುದು ಕ್ರಮ. ಸಂಖ್ಯೆಯಲ್ಲಿ ಮಿತಿ ಮಾಡಿದರೆ ಯೋಗದೋಷ ಕಾದಿರುತ್ತದೆ; ಅಳತೆಯಲ್ಲಿ ಮಾಡಿದರೆ ಅದಕ್ಕೆ ಎಡೆಯಿಲ್ಲ. ಮುಳುಗುಂದದ ನಯಸೇನನು ೧೧೧೨ರಲ್ಲಿ ಧರ್ಮಾಮೃತವನ್ನು ಬರೆದಾಗ ಸಮ್ಯಗ್ದರ್ಶನ, ಅದರ ಎಂಟು ಅಂಗ, ಐದು ವ್ರತ ಇವುಗಳಿಗೆ ಒಂದೊಂದರಂತೆ ಕಥೆಗಳನ್ನು ಜೋಡಿಸಿದನು; ಗದಗಿನಿಂದ ಹೆಚ್ಚು ದೂರವಿಲ್ಲದ ಆ ಊರಿನ ಜನ ಕೇಳಿದ ಕಥೆಗಳಲ್ಲಿ ಪರಿಗ್ರಹದ ಕಥೆಯೂ ಇತ್ತು.

ಇನ್ನೊಂದು ಮುಖವನ್ನು ನೋಡದೆ ಬಿಡುವಂತಿಲ್ಲ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮೊದಲಾದ ಊರುಗಳು ಜಲಾವೃತವಾದಾಗ ಮನೆ ಕಳೆದುಕೊಂಡವರಿಗೆ ಪತ್ರಾಸಿನ ಶೆಡ್ಡುಗಳೇ ಆಸರೆಯಾದವು. ಆ ತಗಡಿನ ಕೆಳಗೆ ಬಾಣಂತಿಯರೂ ಮುದುಕರೂ ಬೇಸಗೆ ಕಳೆದರು. ಅದನ್ನು ಯಾರೂ ವ್ರತವೆನ್ನಲಿಲ್ಲ, ಎನ್ನಲೂ ಬಾರದು. ಇರುವುದನ್ನು ಮಿತಿಗೊಳಿಸಿಕೊಂಡವನ ತಗಡಿನ ಮನೆಗೂ ಇಲ್ಲದವನ ತಗಡಿನ ಮನೆಗೂ ಬಿಸಿಲು ಒಂದೇ. ಬಿಡಬಲ್ಲ ಸ್ವಾತಂತ್ರ್ಯ ಒಂದೇ ಅಲ್ಲ. ಮುನ್ನೂರು ಚದರ ಅಡಿಯಲ್ಲಿ ಬಾಳುವೆನೆಂದು ನಿಯಮ ಹಿಡಿದವನು ಹಾಗೆ ಉಳಿದ ಹಣವನ್ನು ಬ್ಯಾಂಕಿನಲ್ಲಿ ಬೆಳೆಯಗೊಟ್ಟರೆ ವಾಸ್ತು ಇಳಿದು ಧನ ಏರಿತು ಅಷ್ಟೇ. ಪಟ್ಟಿಯಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಪರಿಗ್ರಹ ಸರಿದು ಕೂತಿತು. ಆ ಹಣದಲ್ಲಿ ಒಂದು ಪಾಲು ನೆರೆಯವರ ಗೋಡೆಗೆ ಹೋಗುವುದಾದರೆ ಅದು ಅಭಯದಾನಕ್ಕೆ ಹತ್ತಿರವಾದುದು.

ಅವಿಭಕ್ತ ಕುಟುಂಬಗಳಲ್ಲಿ ತೊಡಕು ಬೇರೆ ಬಗೆಯದು. ತಂದೆ ತೆಗೆದುಕೊಂಡ ಅಳತೆ ಸೊಸೆಯನ್ನು ಕಟ್ಟುವುದೇ? ಅವಳು ಆ ನಿಯಮವನ್ನು ಹಿಡಿದವಳಲ್ಲ. ಆದರೂ ಮಗುವಿನ ತೊಟ್ಟಿಲನ್ನು ಎಲ್ಲಿ ಕಟ್ಟಬೇಕೆಂದು ಯೋಚಿಸಬೇಕಾದವಳು ಅವಳೇ. ತನ್ನ ವ್ರತದ ಇಕ್ಕಟ್ಟನ್ನು ವ್ರತವಿಲ್ಲದವರ ಮೇಲೆ ಹೊರಿಸುವುದು ಅಹಿಂಸೆಯೆನಿಸದು. ಮಗ ಬೇರೆ ಪೆಟ್ಟಿಗೆಯನ್ನು ತಂದು ಅದೇ ಹೊಲದಲ್ಲಿ ಇರಿಸಿದರೆ, ನಡುವೆ ಅಂಗಳವಿದ್ದು ತಗಡು ಕೊಯ್ಯದೆ ಇದ್ದರೆ, ಅದು ಮಗನ ವಾಸ್ತು. ತಂದೆ ಅದರಲ್ಲಿ ತನ್ನ ಧಾನ್ಯವನ್ನೋ ತನ್ನ ಮಂಚವನ್ನೋ ಇಡತೊಡಗಿದ ದಿನ ಲೆಕ್ಕ ಮತ್ತೆ ಕೂಡಿಕೊಳ್ಳುತ್ತದೆ. ಮುಂದೆ ಆ ತಂದೆಗೆ ಒಂಬತ್ತನೆಯ ಪ್ರತಿಮೆಗೆ ಏರುವ ಭಾವನೆ ಬಂದರೆ, ಮನೆಯನ್ನು ಮಗನಿಗೆ ಒಪ್ಪಿಸುವ ಅನ್ವಯದತ್ತಿ ಈ ಮನೆಯಲ್ಲಿ ಸುಲಭ. ಮಗನಿಗೆ ಬೇಡವಾದರೆ ಲಾರಿಯೊಂದು ಬಂದು ಅರ್ಧ ದಿನದಲ್ಲಿ ಪೆಟ್ಟಿಗೆಯನ್ನು ಎತ್ತಿಕೊಂಡು, ನೆಲೆಯಿಲ್ಲದ ಇನ್ನೊಬ್ಬರ ಹಿತ್ತಲಿಗೆ ಇಳಿಸಬಹುದು. ಹೊಲದಲ್ಲಿ ಉಳಿಯುವುದು ನಾಲ್ಕು ಪಾದಗಳು ಮತ್ತು ಪಶ್ಚಿಮದ ಬೇವು.